ನಿನೆವೆಯ ಗೂಳಿ, ರಾಯಚೂರಿನ ಬಂಡೆ

ರಾಯಚೂರು ಕೋಟೆಯ ಒಳಸುತ್ತಿನ ಪಶ್ಚಿಮದ ಗೋಡೆಯಲ್ಲಿ ಒಂದು ಮಹಾಶಿಲೆಯಿದೆ. ಅದರ ಉದ್ದ 41 ಅಡಿಗೂ ಮಿಗಿಲು. ಅಗಲ ಸುಮಾರು 3 ಅಡಿ. ಅದರ ಮೇಲೆ ತೆಲುಗು ಭಾಷೆಯ ಶಾಸನವೊಂದನ್ನು ಕೆತ್ತಲಾಗಿದೆ. ಕ್ರಿ.ಶ. 1294ರಲ್ಲಿ ಕಾಕತೀಯರ ಅಧೀನನಾಗಿದ್ದ ಗೋರೆ ಗನ್ನಯ ರೆಡ್ಡಿಯ ದಂಡನಾಯಕ ವಿಠ್ಠಲನಾಥನು ಈ ಕೋಟೆಯನ್ನು ಕಟ್ಟಿಸಿದನೆಂಬುದು ಆ ಶಾಸನದ ಸಾರಾಂಶ. ಇತಿಹಾಸಕಾರರಿಗೆ ಅದು ಬಹುಮುಖ್ಯವಾದ ಆಧಾರ. ಆದರೆ ಅದರ ಸಮೀಪದಲ್ಲಿಯೇ ಗೋಡೆಯ ಮೇಲೆ ಗೀರಿರುವ ಒಂದು ರೇಖಾಚಿತ್ರವು ನಮ್ಮ ಮಟ್ಟಿಗೆ ಶಾಸನಕ್ಕಿಂತಲೂ ಬೆಲೆಯುಳ್ಳದ್ದು. ಆ ಚಿತ್ರದಲ್ಲಿ ಇದೇ ಬಂಡೆಯನ್ನು ಗಾಡಿಯ ಮೇಲೆ ಹೇರಲಾಗಿದೆ. ಗಾಡಿಗೆ ಅರೆಗಳಿಲ್ಲದ ಗಟ್ಟಿ ಗಾಲಿಗಳು. ಮುಂದೆ ಜೋಡಿ ಜೋಡಿಯಾಗಿ ಹೂಡಿದ ಜಾನುವಾರುಗಳ ಉದ್ದನೆಯ ಸಾಲು. ಅವುಗಳ ಜೊತೆಯಲ್ಲಿ ದುಡಿಯುವ ಆಳುಗಳು. ಗೋಡೆಯನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿದೆ; ಬಂಡೆಯನ್ನು ತಂದವರ ಆಕಾರ ಈ ಗೆರೆಗಳಲ್ಲಿದೆ.

ಬಂಡೆಯ ದಪ್ಪ ಬರಿಯ ಒಂದು ಅಡಿ ಎಂದು ಹಿಡಿದು ಲೆಕ್ಕ ಹಾಕಿದರೂ ಅದರ ತೂಕ ಒಂಬತ್ತು ಟನ್ನನ್ನು ಮೀರುತ್ತದೆ. ಏಕೆಂದರೆ ಗ್ರಾನೈಟ್ ಕಲ್ಲು ಘನ ಅಡಿಗೆ ಸುಮಾರು 75 ಕಿಲೋ ತೂಗುವಂಥದು. ಅಂತಹ ಉದ್ದನೆಯ ಕಲ್ಲನ್ನು ನಡುವೆ ಸೀಳು ಬಿಡದಂತೆ ಬಂಡೆಯಿಂದ ಬೇರ್ಪಡಿಸಬೇಕು. ಗಾಡಿಗೆ ಏರಿಸುವಾಗ ಉದ್ದಕ್ಕೂ ಆಧಾರ ಕೊಡಬೇಕು. ಏರುದಾರಿಯಲ್ಲಿ ಗಾಲಿ ಹಿಂದಕ್ಕೆ ಜಾರದಂತೆ ತಡೆಯಬೇಕು. ಕಡೆಗೆ ಗೋಡೆಯಲ್ಲಿ ಅದರ ಸ್ಥಾನಕ್ಕೆ ಸರಿಯಾಗಿ ಕೂಡಿಸಬೇಕು. ಒಳಕೋಟೆಯ ಈ ಗೋಡೆಯಾದರೋ ಗಾರೆಯ ಸಹಾಯವಿಲ್ಲದೆ ಕಲ್ಲಿಗೆ ಕಲ್ಲನ್ನು ಹೊಂದಿಸಿ ಕಟ್ಟಿದ್ದು. ಕ್ರೇನ್ ಇಲ್ಲದ, ಉಕ್ಕಿನ ಹಗ್ಗವಿಲ್ಲದ ಆ ಕಾಲದಲ್ಲಿ ಇದಕ್ಕೆ ಹಿಡಿದ ದಿನಗಳೆಷ್ಟು, ಸವೆದ ಹೆಗಲುಗಳೆಷ್ಟು ಎಂಬುದನ್ನು ಕಟ್ಟಡದ ಕೆಲಸ ಬಲ್ಲವರು ಸುಲಭವಾಗಿ ಊಹಿಸಿಕೊಳ್ಳಬಲ್ಲರು.

ಕಟ್ಟಿಸಿದ ಅರಸನ ಹೆಸರನ್ನು ಕಟ್ಟಡದ ಮೇಲೆ ಬರೆಸುವುದು ಲೋಕರೂಢಿ. ಕಲ್ಲೆಳೆದವರ ಚಿತ್ರವನ್ನು ಬರೆದಿಡುವುದು ಅಪರೂಪ. ರಾಯಚೂರಿನ ಈ ಚಿತ್ರಕ್ಕೆ ಸರಿಜೋಡಿಯಾಗಬಲ್ಲ ಇನ್ನೊಂದನ್ನು ನೋಡಬೇಕಾದರೆ ನಾವು ಇದಕ್ಕಿಂತಲೂ ಎರಡು ಸಾವಿರ ವರ್ಷ ಹಿಂದಕ್ಕೆ, ಇಂದಿನ ಇರಾಕ್ ದೇಶದ ಟೈಗ್ರಿಸ್ ನದಿಯ ದಡಕ್ಕೆ, ಪವಿತ್ರ ಬೈಬಲ್ಲಿನ ಓದುಗರಿಗೆ ಚಿರಪರಿಚಿತವಾದ ನಿನೆವೆ ಪಟ್ಟಣಕ್ಕೆ ಹೋಗಬೇಕಾಗುತ್ತದೆ.

ತಪಸ್ಸುಕಾಲದ ಮೊದಲನೆಯ ವಾರದ ಬುಧವಾರದಂದು ಬಲಿಪೂಜೆಯಲ್ಲಿ ಯೋನ ಪ್ರವಾದಿಯ ಗ್ರಂಥದಿಂದ ವಾಚನವಾಗುವುದು ನಮಗೆಲ್ಲ ತಿಳಿದಿದೆ. ದಾಟಲು ಮೂರು ದಿನ ಬೇಕಾಗುವ ಮಹಾನಗರ. ಸಿಂಹಾಸನದಿಂದ ಇಳಿದು ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕುಳಿತ ಅರಸ. ಎಡಗೈ ಬಲಗೈಗಳ ಭೇದವರಿಯದ 1,20,000ಕ್ಕೂ ಮಿಕ್ಕ ಜನ. ಮಕ್ಕಳು ಯೋನನನ್ನು ನುಂಗಿದ ಮೀನಿನ ಕಥೆಯನ್ನು ನೆನಪಿಡುತ್ತಾರೆ; ಪಟ್ಟಣವನ್ನು ಮರೆತುಬಿಡುತ್ತಾರೆ. ಆದರೆ ಆ ಪಟ್ಟಣ ಕಥೆಯ ಪಟ್ಟಣವಲ್ಲ. ಅದರ ಕೋಟೆಗೋಡೆಯ ಸುತ್ತಳತೆ ಸುಮಾರು 12 ಕಿಲೋಮೀಟರೆಂದು ಪುರಾತತ್ತ್ವಜ್ಞರು ಅಳೆದಿದ್ದಾರೆ. ಮೊಸುಲ್ ನಗರದ ಹಳೆಯ ಪೇಟೆಯ ಎದುರು ದಡದಲ್ಲಿ ಅದರ ದಿಬ್ಬಗಳು ಇಂದಿಗೂ ಕಾಣುತ್ತವೆ.

ಅಸ್ಸೀರಿಯದ ಅರಸರಿಗೆ ಒಂದೇ ರಾಜಧಾನಿ ಸಾಲಲಿಲ್ಲ. ಮೊದಲು ಟೈಗ್ರಿಸ್ ದಡದ ಅಶ್ಶೂರ್ ಪಟ್ಟಣವಿತ್ತು. ಕ್ರಿ.ಪೂ. 883ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಅಶ್ಶೂರ್‌ನಾಸಿರ್‌ಪಾಲನು ಆದಿಕಾಂಡದಲ್ಲಿ ಕೆಲಹ ಎಂದು ಹೆಸರಿಸಲಾಗಿರುವ ಊರನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಅರಮನೆಯ ಪ್ರವೇಶದ ಹಬ್ಬದಲ್ಲಿ ಹತ್ತು ದಿನಗಳ ಕಾಲ 69,574 ಮಂದಿಗೆ ಉಣಬಡಿಸಿದನೆಂದು ಆತ ಕಲ್ಲಿನಲ್ಲಿ ಬರೆಸಿಟ್ಟಿದ್ದಾನೆ. ಆ ಕಲ್ಲು 1951ರಲ್ಲಿ ಉತ್ಖನನದಲ್ಲಿ ದೊರೆಯಿತು. ದೇಶದ ನಾನಾ ಕಡೆಗಳಿಂದ ಕರೆಸಿದವರು 47,074, ಪರರಾಜ್ಯದ ದೂತರು 5,000, ಊರಿನವರು 16,000, ಅರಮನೆಯ ಅಧಿಕಾರಿಗಳು 1,500 ಎಂದು ಬಾಬ್ತುವಾರು ಲೆಕ್ಕವೂ ಅದರಲ್ಲಿದೆ. ಮದುವೆಮನೆಯ ಯಜಮಾನನೂ ಊಟದ ಎಲೆಗಳನ್ನು ಇಷ್ಟು ಖಚಿತವಾಗಿ ಎಣಿಸಲಾರನು!

ಆ ಬಳಿಕ ಬಂದವನು ಎರಡನೆಯ ಸರ್ಗೋನ. ಹಳೆಯ ಒಡಂಬಡಿಕೆಯಲ್ಲಿ ಈತನ ಹೆಸರು ಕಾಣುವುದು ಯೆಶಾಯನ ಗ್ರಂಥದ 20ನೆಯ ಅಧ್ಯಾಯದ ಮೊದಲ ವಾಕ್ಯದಲ್ಲಿ ಮಾತ್ರ. ಹಿಂದಿನ ರಾಜಧಾನಿಗಳು ಸಾಲದೆ ಈತನು ಒಂದು ಹಳ್ಳಿಯ ಬಯಲಿನಲ್ಲಿ ಹೊಸ ಪಟ್ಟಣವನ್ನೇ ಕಟ್ಟಿಸಿ ತನ್ನ ಹೆಸರನ್ನಿಟ್ಟನು: ದೂರ್ ಶರ್ರುಕಿನ್, ಅಂದರೆ ಸರ್ಗೋನನ ಕೋಟೆ. ಗೋಡೆಯ ಉದ್ದವನ್ನು ತನ್ನ ಹೆಸರಿನ ಸಂಖ್ಯೆಗೆ ಸಮನಾಗಿ 16,283 ಮೊಳವಾಗಿಸಿದೆನೆಂದು ಹೇಳಿಕೊಂಡಿದ್ದಾನೆ. ಇಂತಹ ಬಡಾಯಿಯ ನಡುವೆ ಒಂದು ಸಂಗತಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಪಟ್ಟಣಕ್ಕಾಗಿ ಹೊಲ ಕಳೆದುಕೊಂಡ ಒಡೆಯರಿಗೆ ಅವರವರ ಕ್ರಯಪತ್ರದ ಪ್ರಕಾರ ಬೆಳ್ಳಿ, ಕಂಚುಗಳಲ್ಲಿ ಬೆಲೆ ಕೊಟ್ಟನಂತೆ. ಬೆಳ್ಳಿ ಬೇಡವೆಂದವರಿಗೆ ಹೊಲಕ್ಕೆ ಬದಲು ಹೊಲ ಕೊಟ್ಟನಂತೆ. ಅಣೆಕಟ್ಟೆಗಾಗಿಯೋ ಕಾರ್ಖಾನೆಗಾಗಿಯೋ ಭೂಮಿ ಬಿಟ್ಟುಕೊಟ್ಟು ಪರಿಹಾರಕ್ಕಾಗಿ ಕಚೇರಿಗಳಿಗೆ ಅಲೆದ ಕುಟುಂಬಗಳು ನಮ್ಮ ನಡುವೆಯೂ ಇವೆ. ಅವರಿಗೆ 2,700 ವರ್ಷ ಹಿಂದಿನ ಈ ಮಾತು ಕುತೂಹಲ ತಂದೀತು. ಅರಸನು ಬರೆಸಿದ್ದೆಲ್ಲ ನಡೆಯಿತೆಂದು ನಾವು ನಂಬಬೇಕಾಗಿಲ್ಲ. ಆದರೆ ಹಾಗೆ ಬರೆಸಬೇಕೆಂದು ಅವನಿಗೆ ತೋರಿತಲ್ಲ, ಅದೇ ವಿಶೇಷ.

ಕ್ರಿ.ಪೂ. 706ರಲ್ಲಿ ಆ ಪಟ್ಟಣದ ಪ್ರವೇಶವಾಯಿತು. ಮರುವರ್ಷವೇ ಸರ್ಗೋನನು ದೂರದ ಯುದ್ಧದಲ್ಲಿ ಮಡಿದನು. ಶವವೂ ಕೈಗೆ ಸಿಗಲಿಲ್ಲ. ಮಗನಾದ ಸನ್ಹೇರೀಬನು ತಂದೆಯ ಹೊಸ ಪಟ್ಟಣದಲ್ಲಿ ನೆಲಸದೆ ನಿನೆವೆಗೆ ರಾಜಧಾನಿಯನ್ನು ಒಯ್ದನು. ಅರಸರ ಎರಡನೆಯ ಗ್ರಂಥದಲ್ಲಿ ಜುದೇಯದ ಮೇಲೆ ದಂಡೆತ್ತಿ ಬಂದವನು ಇವನೇ. ಇವನಿಗೆ ಕಪ್ಪ ಕೊಡಲು ಹಿಜ್ಕೀಯನು ದೇವಾಲಯದ ಕದಗಳ ಚಿನ್ನವನ್ನೂ ಕೀಳಿಸಬೇಕಾಯಿತು. ಕ್ರಿ.ಪೂ. 701ರಲ್ಲಿ ಇವನು ಲಾಕೀಷ್ ಪಟ್ಟಣವನ್ನು ಮುತ್ತಿ ಹಿಡಿದ ದೃಶ್ಯಗಳನ್ನು ನಿನೆವೆಯ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದ್ದನು. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ತನ್ನ ಅರಮನೆಗೆ ಸರಿಸಾಟಿಯಿಲ್ಲದ ಅರಮನೆ ಎಂದೇ ಅವನು ಹೆಸರಿಟ್ಟಿದ್ದನು.

ಅದೇ ಅರಮನೆಯ ಇನ್ನೊಂದು ಸಾಲು ಶಿಲಾಫಲಕಗಳಲ್ಲಿ ನಾವು ಹುಡುಕಿಕೊಂಡು ಬಂದ ಚಿತ್ರವಿದೆ. ಅಸ್ಸೀರಿಯದ ಅರಮನೆಗಳ ಬಾಗಿಲುಗಳಲ್ಲಿ ಮನುಷ್ಯನ ಮುಖ, ಗೂಳಿಯ ಮೈ, ಹದ್ದಿನ ರೆಕ್ಕೆಗಳುಳ್ಳ ಬೃಹತ್ ಕಾವಲು ವಿಗ್ರಹಗಳನ್ನು ನಿಲ್ಲಿಸುತ್ತಿದ್ದರು. ಎದುರಿನಿಂದ ನೋಡಿದರೆ ನಿಂತಂತೆ, ಪಕ್ಕದಿಂದ ನೋಡಿದರೆ ನಡೆಯುತ್ತಿರುವಂತೆ ತೋರಲೆಂದು ಅವುಗಳಿಗೆ ಐದು ಕಾಲು ಕೆತ್ತುತ್ತಿದ್ದರು. ಕೆಲವು 30 ಟನ್ನಿಗೂ ಹೆಚ್ಚು ತೂಕದವು. ಅಂತಹ ಗೂಳಿಯೊಂದನ್ನು ಜಾರುಬಂಡಿಯ ಮೇಲೆ ಮಲಗಿಸಿ, ನಾಲ್ಕು ಸಾಲು ಹಗ್ಗ ಕಟ್ಟಿ, ಜನ ಬೆನ್ನು ಬಗ್ಗಿಸಿ ಎಳೆಯುತ್ತಿದ್ದಾರೆ. ಹಿಂದಿನಿಂದ ದೊಡ್ಡ ಸನ್ನೆಗೋಲು ಹಾಕಿ ಮೀಟುತ್ತಿದ್ದಾರೆ. ಬಂಡಿಯ ಕೆಳಗೆ ಮರದ ದಿಮ್ಮಿಗಳನ್ನು ಕೊಡುತ್ತಿದ್ದಾರೆ. ನಡುನಡುವೆ ಕೋಲೆತ್ತಿದ ಮೇಸ್ತ್ರಿಗಳು. ಒಂದು ಕಡೆ ರಥದಲ್ಲಿ ನಿಂತು ಸನ್ಹೇರೀಬನು ಇದನ್ನೆಲ್ಲ ನೋಡುತ್ತಿದ್ದಾನೆ. ಎಳೆಯುವವರ ಉಡುಪು, ತಲೆಯ ತೊಡುಗೆಗಳು ಒಂದೇ ಬಗೆಯಾಗಿಲ್ಲ. ಅವರು ಸೋತ ನಾಡುಗಳಿಂದ ಹಿಡಿದು ತಂದ ಸೆರೆಯಾಳುಗಳು.

ತನಗಿಂತ ಹಿಂದಿನ ಅರಸರು ಇಂತಹ ವಿಗ್ರಹಗಳನ್ನು ನದಿಯಾಚೆಯ ಗಣಿಯಲ್ಲಿ ಕೆತ್ತಿಸಿ, ಪ್ರವಾಹದ ತಿಂಗಳಲ್ಲಿ ದೋಣಿಗಳ ಮೇಲೆ ದಾಟಿಸುವಾಗ ಜನರನ್ನು ಗೋಳುಗುಟ್ಟಿಸಿದರೆಂದು ಸನ್ಹೇರೀಬನು ಆಕ್ಷೇಪಿಸಿದ್ದಾನೆ. ತಾನು ನಿನೆವೆಗೆ ಹತ್ತಿರದ ಬಲಾತಾಯ್ ಎಂಬಲ್ಲಿ ಕಲ್ಲು ಕಂಡುಹಿಡಿದೆನೆಂಬುದು ಅವನ ಹೆಮ್ಮೆ. ಆಳುಗಳ ನೋವು ಅರಸನ ಕಣ್ಣಿಗೆ ಬಿದ್ದಿತ್ತೆಂಬುದಕ್ಕೆ ಇದು ಸಾಕ್ಷಿ. ಆದರೂ ಕೋಲು ಹಿಡಿದ ಮೇಸ್ತ್ರಿಯು ಚಿತ್ರದಿಂದ ಮರೆಯಾಗಲಿಲ್ಲ.

ಈ ಕಲ್ಲುಗಳ ಭಾರ ಎಂತಹುದೆಂಬುದು 1847ರಲ್ಲಿ ಇನ್ನೊಮ್ಮೆ ಗೊತ್ತಾಯಿತು. ಆಸ್ಟಿನ್ ಹೆನ್ರಿ ಲೇಯಾರ್ಡ್ ಎಂಬ ಇಂಗ್ಲಿಷ್ ಶೋಧಕನು ಕೆಲಹದ ದಿಬ್ಬದಿಂದ ಒಂದು ಗೂಳಿಯನ್ನು ನದಿಯವರೆಗೆ ಸಾಗಿಸಲು ಹೊರಟನು. ಅದಕ್ಕಾಗಿ ಮಾಡಿಸಿದ ಗಾಡಿಗೆ ಹಿಪ್ಪುನೇರಳೆ ಮರದ ಗಟ್ಟಿ ಗಾಲಿಗಳು, ಅವುಗಳಿಗೆ ಕಬ್ಬಿಣದ ಪಟ್ಟಿ. ಮೊದಲು ಎಮ್ಮೆಗಳನ್ನು ಹೂಡಿದರು. ಭಾರ ಅರಿವಾಗುತ್ತಲೇ ಅವು ಕದಲಲೊಲ್ಲದೆ ನಿಂತುಬಿಟ್ಟವು. ಕಡೆಗೆ ಸುಮಾರು 300 ಮಂದಿ ಆಳುಗಳೇ ಹಗ್ಗ ಹಿಡಿದು ಎಳೆದರು. ನಮ್ಮ ರಾಯಚೂರಿನ ಚಿತ್ರದ ಗಾಡಿಯನ್ನೂ ಅದರ ಗಟ್ಟಿ ಗಾಲಿಗಳನ್ನೂ ಬಲ್ಲವರಿಗೆ ಈ ವೃತ್ತಾಂತ ನೆರೆಮನೆಯ ಸುದ್ದಿಯಂತೆ ಕೇಳಿಸುತ್ತದೆ.

ಅಸ್ಸೀರಿಯದ ನಗರನಿರ್ಮಾಣಕ್ಕೂ ಸೆರೆಯ ವಲಸೆಗೂ ಬಿಡಿಸಲಾಗದ ನಂಟು. ಸಮಾರಿಯದಿಂದ 27,290 ಮಂದಿಯನ್ನು ಒಯ್ದುದಾಗಿ ಸರ್ಗೋನನು ಲೆಕ್ಕ ಕೊಟ್ಟಿದ್ದಾನೆ. ಇಸ್ರಯೇಲರನ್ನು ಅಸ್ಸೀರಿಯಕ್ಕೆ ಸಾಗಿಸಿದ ಸಂಗತಿ ಅರಸರ ಎರಡನೆಯ ಗ್ರಂಥದ 17ನೆಯ ಅಧ್ಯಾಯದಲ್ಲಿದೆ. ನಾನಾ ಭಾಷೆಯ ಜನರನ್ನು ತನ್ನ ಹೊಸ ಪಟ್ಟಣದಲ್ಲಿ ತಂದಿರಿಸಿ ಅವರ ಮೇಲೆ ಅಸ್ಸೀರಿಯರನ್ನು ನೇಮಿಸಿದೆನೆಂದೂ ಅವನೇ ಹೇಳಿದ್ದಾನೆ. ಸನ್ಹೇರೀಬನ ಮಗ ಏಸರ್ಹದ್ದೋನನ ಶಾಸನವೊಂದು ನಿನೆವೆಯ ಅರಮನೆಗೆ ಮರ, ಕಲ್ಲುಗಳನ್ನು ಸಾಗಿಸಿಕೊಟ್ಟ 22 ಮಂದಿ ಅರಸರನ್ನು ಪಟ್ಟಿಮಾಡುತ್ತದೆ. ಅವರಲ್ಲಿ ಜುದೇಯದ ಮನಸ್ಸೆಯೂ ಒಬ್ಬ. ಅಂದರೆ ಹಿಜ್ಕೀಯನ ಮಗ. ತಂದೆ ಚಿನ್ನ ಕೊಟ್ಟನು, ಮಗ ದಿಮ್ಮಿ ಹೊರಿಸಿದನು.

ಅರಸರೂ ಬುಟ್ಟಿ ಹೊತ್ತದ್ದುಂಟು. ಏಸರ್ಹದ್ದೋನನ ಮಗ ಅಶ್ಶೂರ್‌ಬನಿಪಾಲನು ಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಿಂತ ಶಿಲಾಫಲಕವೊಂದಿದೆ. ದೇವಾಲಯದ ಜೀರ್ಣೋದ್ಧಾರಕ್ಕೆ ಮೊದಲ ಮಣ್ಣನ್ನು ಅರಸನೇ ಹೊರುವುದು ಆ ನಾಡಿನ ಸಂಪ್ರದಾಯ. ಶಂಕುಸ್ಥಾಪನೆಯ ದಿನ ಹೊಸ ಕರಣೆ ಹಿಡಿದು ಒಂದು ಬೊಗಸೆ ಗಾರೆ ಹಾಕಿ ಛಾಯಾಚಿತ್ರಕ್ಕೆ ನಿಲ್ಲುವ ನಮ್ಮ ಮಂತ್ರಿಮಹೋದಯರ ಪೂರ್ವಿಕರು ಬಹಳ ಹಿಂದಿನವರೆಂದಾಯಿತು.

ಸನ್ಹೇರೀಬನಿಗೆ ನ್ಯಾಯ ಸಲ್ಲಬೇಕಾದರೆ ನೀರಿನ ಮಾತನ್ನೂ ಹೇಳಬೇಕು. ನಿನೆವೆಯ ತೋಟಗಳಿಗಾಗಿ ಅವನು ಬೆಟ್ಟಗಳಿಂದ ಕಾಲುವೆ ತೆಗೆಸಿದನು. ಜೆರ್ವಾನ್ ಎಂಬಲ್ಲಿ ಕಣಿವೆಯನ್ನು ದಾಟಿಸಲು ಸುಮಾರು 280 ಮೀಟರ್ ಉದ್ದದ ಕಲ್ಲಿನ ಮೇಲ್ಗಾಲುವೆ ಕಟ್ಟಿಸಿದನು. ಕಾಲುವೆಗೆ ನೀರು ಹರಿದ ದಿನ ತೋಡಿದ ಆಳುಗಳಿಗೆ ಬಣ್ಣದ ಬಟ್ಟೆ ಹೊದಿಸಿ ಚಿನ್ನದ ಉಂಗುರ ತೊಡಿಸಿದನೆಂದು ಶಾಸನವಿದೆ. ಕ್ರಿ.ಪೂ. 681ರಲ್ಲಿ ಅವನನ್ನು ಕೊಂದವರು ಆಳುಗಳಲ್ಲ, ಸ್ವಂತ ಮಕ್ಕಳು.

ಕ್ರಿ.ಪೂ. 612ರಲ್ಲಿ ನಿನೆವೆ ಬಿದ್ದಿತು. ಆದರೆ ಆ ನೆಲದ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 2014ರಲ್ಲಿ ಮೊಸುಲ್ ಉಗ್ರಗಾಮಿಗಳ ವಶವಾದಾಗ ನಿನೆವೆ ಬಯಲಿನ ಕ್ರೈಸ್ತರು ರಾತ್ರೋರಾತ್ರಿ ಮನೆ ಬಿಟ್ಟು ಓಡಿದರು. ಯೋನನ ಸಮಾಧಿಯೆಂದು ನಂಬಲಾದ ಸ್ಥಳವನ್ನು ಸಿಡಿಸಲಾಯಿತು. 2015ರಲ್ಲಿ ಹೆಬ್ಬಾಗಿಲಿನ ರೆಕ್ಕೆಯ ಗೂಳಿಯ ಮುಖವನ್ನು ಯಂತ್ರದಿಂದ ಕೊರೆದು ಹಾಳುಮಾಡಲಾಯಿತು. ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು 2021ರ ಮಾರ್ಚ್ 7ರಂದು ಮೊಸುಲ್‌ನ ಪಾಳುಬಿದ್ದ ದೇವಾಲಯಗಳ ನಡುವೆ ನಿಂತು ಯುದ್ಧದಲ್ಲಿ ಮಡಿದವರಿಗಾಗಿ ಪ್ರಾರ್ಥಿಸಿದರು. ಆ ಸೀಮೆಯ ಪೂರ್ವದ ಧರ್ಮಸಭೆಗಳವರು ತಪಸ್ಸುಕಾಲಕ್ಕೆ ಮೊದಲು ಮೂರು ದಿನ ನಿನೆವೆಯ ಉಪವಾಸವನ್ನು ಆಚರಿಸುತ್ತಾರೆ. ನೆರೆಯ ಕೇರಳದ ಸಿರಿಯನ್ ಕ್ರೈಸ್ತರಲ್ಲಿಯೂ ಅದು ಉಳಿದುಬಂದಿದೆ.

ಇನ್ನು ನಮ್ಮ ಊರಿಗೆ ಮರಳೋಣ. ರಾಯಚೂರು ಯಾರಿಗೂ ಸಾಮ್ರಾಜ್ಯದ ರಾಜಧಾನಿಯಾಗಿರಲಿಲ್ಲ. ಆದರೆ ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು ಕೈಯಲ್ಲಿಲ್ಲದೆ ತನ್ನ ರಾಜಧಾನಿ ಸುರಕ್ಷಿತವೆಂದು ನಂಬಿದ ಅರಸನೂ ಸುತ್ತಮುತ್ತ ಇರಲಿಲ್ಲ. ಓರಂಗಲ್ಲು, ದೇವಗಿರಿ, ಗುಲ್ಬರ್ಗ, ವಿಜಯನಗರ, ಬಿಜಾಪುರಗಳ ಅರಸರೆಲ್ಲ ಇದಕ್ಕಾಗಿ ಕಾದಾಡಿದರು. 1294ರ ಶಾಸನವೇ ಅದನ್ನು ಹೇಳುತ್ತದೆ. ವಿಠ್ಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವ ಕೋಟೆಗಳನ್ನು ಹಿಡಿದು ಆಮೇಲೆ ರಾಯಚೂರನ್ನು ಹೊಕ್ಕು ಗೋಡೆ ಎಬ್ಬಿಸಿದನು. ಆದವಾನಿಯೆಂದರೆ ಆದೋನಿ, ಮಾನುವವೆಂದರೆ ನಮ್ಮ ಮಾನ್ವಿ. ಮೊದಲು ಮಾನ್ವಿ ಬಿದ್ದಿತು, ಆಮೇಲೆ ರಾಯಚೂರು ಎದ್ದಿತು. ಜನರೆಲ್ಲರ ರಕ್ಷಣೆಗಾಗಿ ಈ ಕೋಟೆ ಎಂದು ಶಾಸನ ಹೇಳಿಕೊಳ್ಳುತ್ತದೆ. ಕೋಟೆಯನ್ನು ರಾಣಿ ರುದ್ರಮದೇವಿಯ ಕಾಲದ್ದೆಂದು ಹೇಳುವ ವಾಡಿಕೆ ಹಳೆಯ ಪುಸ್ತಕಗಳಿಂದ ಬಂದದ್ದು. ಆಕೆ 1289ರಲ್ಲಿಯೇ ತೀರಿಕೊಂಡಳೆಂಬುದು ಈಗ ಬಹುಮಂದಿ ಒಪ್ಪಿದ ಮಾತು; 1294 ಪ್ರತಾಪರುದ್ರನ ಆಳಿಕೆಯ ವರ್ಷ.

ಕಾಕತೀಯರ ಗೋಡೆಯ ಹೊರಗೆ ಬಹಮನಿ, ಆದಿಲ್‌ಶಾಹಿ ಸುಲ್ತಾನರು ಇನ್ನೊಂದು ಸುತ್ತು ಕಟ್ಟಿದರು. ಹೊರಕೋಟೆಯ ಪಶ್ಚಿಮದ ಮಕ್ಕಾ ದರ್ವಾಜಾ 1470ರದು. ಉತ್ತರದ ನವರಂಗಿ ದರ್ವಾಜಾದಲ್ಲಿ ಹಳೆಯ ಶಿಲ್ಪಗಳು ಗೋಡೆಗೆ ಸೇರಿಕೊಂಡಿವೆ. ಒಬ್ಬ ಅರಸನ ಕಲ್ಲು ಇನ್ನೊಬ್ಬನ ಬಾಗಿಲಾಗುವುದು ಇಲ್ಲಿ ಹೊಸದೇನಲ್ಲ. ಒಳಗೋಡೆಯ ನಯವಾದ ಕಲ್ಲುಗಳನ್ನೂ ಹೊರಗೋಡೆಯ ಒರಟು ಕಲ್ಲುಗಳನ್ನೂ ಹೋಲಿಸಿ ನೋಡಿದರೆ ಎರಡು ಕಾಲದ ಕೈಗಳು ಬೇರೆ ಬೇರೆ ಎಂಬುದು ಮಕ್ಕಳಿಗೂ ತಿಳಿಯುತ್ತದೆ.

ಕಟ್ಟುವುದಕ್ಕೆ ಆಳು ಬೇಕಾದಂತೆ ಕೆಡವುವುದಕ್ಕೂ ಬೇಕು. 1520ರಲ್ಲಿ ಕೃಷ್ಣದೇವರಾಯನು ಈ ಕೋಟೆಯನ್ನು ಮುತ್ತಿದ ವೃತ್ತಾಂತವನ್ನು ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟಿದ್ದಾನೆ. ಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲಿಗೂ ಅದರ ಯೋಗ್ಯತೆ ನೋಡಿ ರಾಯನ ನಾಯಕರು ಸೈನಿಕರಿಗೆ ಪಣ ಎಣಿಸಿ ಕೊಡುತ್ತಿದ್ದರಂತೆ. ಮೇಲಿನಿಂದ ಬಾಣ, ಗುಂಡು, ಕಲ್ಲು ಸುರಿಯುತ್ತಿರುವಾಗ ಗುದ್ದಲಿ ಹಿಡಿದು ಗೋಡೆಯ ಬುಡದಲ್ಲಿ ನಿಲ್ಲುವ ಬಡವನಿಗೆ ಅದು ದಿನಗೂಲಿ! ಕ್ರಿಸ್ಟೊವಾವೊ ದ ಫಿಗೆಯ್ರೆದೊ ಎಂಬ ಪೋರ್ಚುಗೀಸನು ತನ್ನ ಕೋವಿಯವರೊಡನೆ ಬಂದು ಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಉರುಳಿಸಿದ ಮೇಲೆ ಕೀಳುವವರ ಕೆಲಸ ಹಗುರವಾಯಿತು, ಕೋಟೆ ಬಿದ್ದಿತು. ನಮ್ಮ ಮತದವರು ಈ ನೆಲಕ್ಕೆ ಬಂದ ಮೊದಲ ಸಂದರ್ಭಗಳಲ್ಲಿ ಇದೊಂದು. ಹೆಮ್ಮೆಪಡುವಂಥದೇನೂ ಅದರಲ್ಲಿ ನಮಗೆ ಕಾಣದು. ಶುಭಸಂದೇಶ ಹೊತ್ತು ಬಂದವರ ಹೆಜ್ಜೆಗಳನ್ನು ಮುದಗಲ್ಲಿನಲ್ಲಿ, ಶತಮಾನಗಳಷ್ಟು ಹಳೆಯದಾದ ಅಲ್ಲಿನ ಕಥೋಲಿಕ ಸಮುದಾಯದಲ್ಲಿ ಹುಡುಕಬೇಕು.

ಅದೇ ಕಾಲದಲ್ಲಿ ಕೃಷ್ಣದೇವರಾಯನು ಹೊಸಪೇಟೆಯ ಬಳಿ ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದನು. ಜೊವಾವೊ ದೆಲ್ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕುಟಿಗನು ಅದಕ್ಕೆ ನೆರವಾದನು. ಹದಿನೈದು ಇಪ್ಪತ್ತು ಸಾವಿರ ಆಳುಗಳು ದುಡಿಯುತ್ತಿದ್ದುದನ್ನು ದೊಮಿಂಗೊ ಪಯಸ್ ಕಂಡಿದ್ದನು. ಕಟ್ಟೆ ಮತ್ತೆ ಮತ್ತೆ ಒಡೆದಾಗ ಮರಣದಂಡನೆಗೆ ಗುರಿಯಾದ ಸೆರೆಯಾಳುಗಳ ತಲೆಗಳನ್ನು ಅಲ್ಲಿ ಕಡಿಸಲಾಯಿತೆಂದು ನೂನಿಜ್ ಬರೆಯುತ್ತಾನೆ. ಸನ್ಹೇರೀಬನ ಕ್ರೌರ್ಯವನ್ನು ಓದಿ ಮೂಗಿನ ಮೇಲೆ ಬೆರಳಿಡುವಾಗ ಇದನ್ನೂ ನೆನೆಯುವುದು ಒಳ್ಳೆಯದು.

ರಾಯಚೂರಿಗೆ ಸಮೀಪದ ಮಲಿಯಾಬಾದಿನ ಪಾಳುಕೋಟೆಯಲ್ಲಿ ಬಿಳಿಯ ಗ್ರಾನೈಟಿನಲ್ಲಿ ಕೆತ್ತಿದ ಜೀವಗಾತ್ರದ ಎರಡು ಆನೆಗಳಿವೆ. ನಿನೆವೆಯ ಗೂಳಿಗಳ ಚಿತ್ರ ನೋಡಿದವರು ಇವುಗಳನ್ನೂ ಒಮ್ಮೆ ನೋಡಬೇಕು. ದೇವದುರ್ಗವಂತೂ ಹೆಸರಿನಲ್ಲಿಯೇ ದುರ್ಗವನ್ನು ಹೊತ್ತ ಊರು. ಬೇಡ ನಾಯಕರ ಕೋಟೆ ಅಲ್ಲಿ ಪಾಳಾಗಿ ನಿಂತಿದೆ. ಅದೇ ತಾಲ್ಲೂಕಿನ ಗಬ್ಬೂರು ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದದ್ದು. ಹೀಗೆ ಊರೂರಿನಲ್ಲಿ ಕಲ್ಲು ಕಡಿದು, ಹೊತ್ತು, ಕಟ್ಟಿದ ಜನರ ನಾಡು ನಮ್ಮದು.

ಆ ಜನ ಈಗಲೂ ಕಟ್ಟುತ್ತಿದ್ದಾರೆ, ಆದರೆ ಬೇರೆಡೆ. ಮುಂಗಾರು ಕೈಕೊಟ್ಟ ವರ್ಷ, ಅಥವಾ ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಿಂದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗುತ್ತವೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಸೆಂಟ್ರಿಂಗ್, ಕಾಂಕ್ರೀಟು, ಗಾರೆ ಕೆಲಸಗಳಲ್ಲಿ ಈ ಸೀಮೆಯವರ ಕೈ ಇದೆ. ಪುಣೆ, ಹೈದರಾಬಾದುಗಳಿಗೂ ಹೋಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಯ ಭಾಗದ ಹೊಲಗಳಿಗೆ ತಲುಪುವುದು ಪ್ರತಿವರ್ಷದ ಜಗಳ. 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿಯು ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತು. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ತಯಾರಿಸಿದ ವಿದ್ಯುತ್ತು ಮೊದಲು ರಾಜಧಾನಿಗೆ ಹೋಯಿತು; ಅದರ ಹಿಂದೆಯೇ ನಮ್ಮ ಜನರೂ ಹೋದರು ಎಂದರೆ ಹಾಸ್ಯವಲ್ಲ.

ಇವರನ್ನು ಸನ್ಹೇರೀಬನ ಸೆರೆಯಾಳುಗಳಿಗೆ ಹೋಲಿಸುವುದು ಸರಿಯಲ್ಲವೆಂದು ಓದುಗರು ಹೇಳಬಹುದು. ಒಪ್ಪತಕ್ಕ ಮಾತು. ಇವರ ಬೆನ್ನ ಹಿಂದೆ ಕೋಲೆತ್ತಿದ ಮೇಸ್ತ್ರಿಯಿಲ್ಲ, ಕೂಲಿ ಸಿಗುತ್ತದೆ, ಊರಿಗೆ ಮರಳುವ ಸ್ವಾತಂತ್ರ್ಯವಿದೆ. ಆ ಕೂಲಿಯಿಂದ ಹಳ್ಳಿಯಲ್ಲಿ ಮನೆ ಕಟ್ಟಿದವರನ್ನೂ, ಹೆಣ್ಣುಮಕ್ಕಳ ಮದುವೆ ಮಾಡಿದವರನ್ನೂ, ಸಾಲ ತೀರಿಸಿದವರನ್ನೂ ನಾವು ಬಲ್ಲೆವು. ಆದರೆ ಮುಂಗಡ ಹಣ ತೆಗೆದುಕೊಂಡು ಹೋದವನಿಗೆ ಆ ಸ್ವಾತಂತ್ರ್ಯ ಎಷ್ಟರಮಟ್ಟಿಗಿನದು ಎಂಬುದನ್ನು ಅವನ ಹೆಂಡತಿಯೇ ಹೇಳಬೇಕು. ತಗಡಿನ ಗುಡಾರದಲ್ಲಿ ತಮ್ಮನನ್ನು ನೋಡಿಕೊಳ್ಳಲು ಉಳಿದ ಹತ್ತು ವರ್ಷದ ಹುಡುಗಿಯ ಶಾಲೆ ಆ ವರ್ಷಕ್ಕೆ ಮುಗಿದಂತೆ. 2020ರ ಲಾಕ್‌ಡೌನ್‌ನಲ್ಲಿ ಬಸ್ಸು ರೈಲುಗಳು ನಿಂತಾಗ, ತಾವು ಕಟ್ಟಿದ ನಗರದಲ್ಲಿ ತಮಗೊಂದು ಸೂರಿಲ್ಲವೆಂಬುದು ಇವರಿಗೆ ಒಂದೇ ವಾರದಲ್ಲಿ ಅರಿವಾಯಿತು. ಹಲವರು ನಡೆದೇ ಊರಿನ ದಾರಿ ಹಿಡಿದರು.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿತು. ಅದರಂತೆ ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಳಿಯೂ ಇದೆ. ನೋಂದಣಿಯಾದ ಕಾರ್ಮಿಕನಿಗೆ ವೈದ್ಯಕೀಯ ನೆರವು, ಮಕ್ಕಳ ವಿದ್ಯಾಭ್ಯಾಸಕ್ಕೆ ಸಹಾಯಧನ, ಅಪಘಾತವಾದರೆ ಪರಿಹಾರ ಉಂಟು. ಆದರೆ ನೋಂದಣಿಯಾಗಬೇಕಾದರೆ ಕೆಲಸ ಮಾಡಿದ ದಿನಗಳಿಗೆ ದಾಖಲೆ ಬೇಕು. ಇಂದು ಒಂದು ಕಟ್ಟಡ, ನಾಳೆ ಇನ್ನೊಂದು ಎಂದು ತಿರುಗುವವನು ದಾಖಲೆ ತರುವುದೆಲ್ಲಿಂದ? ಅಶ್ಶೂರ್‌ನಾಸಿರ್‌ಪಾಲನ ಕರಣಿಕರು ಉಂಡವರ ಸಂಖ್ಯೆಯನ್ನು ಕೊನೆಯ ನಾಲ್ವರವರೆಗೆ ಬರೆದಿಟ್ಟರು. ದುಡಿದವರ ಎಣಿಕೆ ಅಂದಿಗೂ ಕಷ್ಟ, ಇಂದಿಗೂ ಕಷ್ಟ. ಗುಳೆ ಹೊರಡುವ ಮೊದಲೇ ಊರಿನಲ್ಲಿ ಅರ್ಜಿ ತುಂಬಿಸುವ, ಆಧಾರ್ ಚೀಟಿ, ಬ್ಯಾಂಕ್ ಪುಸ್ತಕಗಳನ್ನು ಸರಿಪಡಿಸಿಕೊಡುವ ಕೆಲಸಕ್ಕೆ ನಮ್ಮ ಓದಿದ ಯುವಕ ಯುವತಿಯರು ಭಾನುವಾರದ ಪೂಜೆಯ ನಂತರ ಒಂದು ಗಂಟೆ ಕುಳಿತರೂ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಅದಕ್ಕೆ ಮತಭೇದ ಬೇಕಿಲ್ಲ.

ಕೋಟೆಯ ಆ ಚಿತ್ರದ ವಿಷಯಕ್ಕೆ ಬಂದರೆ, ಅದರ ಗೆರೆಗಳು ಆಳವಾಗಿಲ್ಲ. ನಿನೆವೆಯ ಫಲಕಗಳಂತೆ ಉಬ್ಬುಕೆತ್ತನೆಯಲ್ಲ, ಉಳಿಯಿಂದ ಗೀರಿದ ರೇಖೆಗಳಷ್ಟೆ. ಸುಣ್ಣ ಬಳಿದರೆ, ಭಿತ್ತಿಪತ್ರ ಅಂಟಿಸಿದರೆ, ಹೆಸರು ಕೊರೆಯುವ ಹುಡುಗರ ಕೈಗೆ ಸಿಕ್ಕರೆ ಅವು ಉಳಿಯವು. ನಡುಹಗಲಿನ ಬಿಸಿಲಲ್ಲಿ ಹೋದವರಿಗೆ ಕಲ್ಲು ಮಾತ್ರ ಕಂಡೀತು. ಬಿಸಿಲು ಓರೆಯಾದಾಗ ಹೋಗಬೇಕು. ಆಗ ಗಾಲಿ, ನೊಗ, ಆಳು ಒಂದೊಂದಾಗಿ ಎದ್ದು ಬರುತ್ತವೆ. ಕ್ರಿಸ್ಮಸ್ಸಿಗೆ ಗುಳೆಯಿಂದ ಊರಿಗೆ ಬರುವ ಬಂಧುಗಳಲ್ಲಿ ಕಟ್ಟಡದ ಕೆಲಸದವರಿದ್ದರೆ ಅವರನ್ನೂ ಮಕ್ಕಳನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಬಹುದು. ನಲವತ್ತೊಂದು ಅಡಿಯ ಕಲ್ಲನ್ನು ಗಾಡಿಯಿಂದ ಇಳಿಸಿ ಗೋಡೆಗೆ ಏರಿಸಿದ್ದು ಹೇಗೆಂದು ಮಕ್ಕಳು ಕೇಳಿದರೆ ಪುಸ್ತಕಗಳಲ್ಲಿ ಅದಕ್ಕೆ ಉತ್ತರ ಸಿಗುವುದು ಕಷ್ಟ, ಅವರಲ್ಲಿ ಸಿಕ್ಕೀತು.